ಯಾವುದರ ರೂವಾರಿ

ಹಾಸನದ ಸಂತೇಪೇಟೆಯಲ್ಲಿ ನಮ್ಮ ಪತ್ರಿಕೆ.
ಕರಡು ತಿದ್ದುವ ಮೇಜು ಮೆಟ್ಟಿಲ ಕೆಳಗೆ.
ಹತ್ತೊಂಬತ್ತು ವರ್ಷ ಅಲ್ಲೇ ಕೂತು
ಒತ್ತು ಕೊಟ್ಟಿದ್ದೇನೆ, ದೀರ್ಘ ಕಿತ್ತಿದ್ದೇನೆ,
ಈ ಒಂದು ಪದ ಮಾತ್ರ
ಕಣ್ಣಿಗೆ ತಡೆಯದೆ ದಾಟಿಹೋಗುತ್ತಿತ್ತು:
ಕೊನೇ ಓವರಿನ ಗೆಲುವಿನ ರೂವಾರಿ,
ಸೊಸೈಟಿ ಹಗರಣದ ರೂವಾರಿ,
ಬೈಪಾಸ್ ದರೋಡೆ: ರೂವಾರಿ ಪರಾರಿ.
ಪ್ರಾಸ ಕೂತಿದೆ ಎಂದು
ಅವತ್ತು ಸಂಪಾದಕರು ಎಲ್ಲರಿಗೂ ಟೀ ಹೇಳಿದ್ದರು.

ಮಂಗಳವಾರ ಹಳೇಬೀಡಿನ ಬಸ್ಸಿಳಿದು
ಪಂಕಜಾಕ್ಷಿ ಅಂತ ಒಬ್ಬಾಕೆ ಬಂದಳು,
ನಾಲ್ಕಾಗಿ ಮಡಿಸಿದ ರೂಲು ಹಾಳೆ ಹಿಡಿದು.
ಅಪ್ಪನ ನಿಧನ ವಾರ್ತೆ.
ಪದಕ್ಕೆ ಹನ್ನೆರಡು ರೂಪಾಯಿ ಎಂದಾಗ
ಅಲ್ಲೇ ನಿಂತು ಹೊಡೆದುಹಾಕತೊಡಗಿದಳು.
'ಶ್ರೀಯುತ' ಹೋಯಿತು.
'ತಿಳಿಸಲು ವಿಷಾದಿಸುತ್ತೇವೆ' ಹೋಯಿತು.
'ಅಪಾರ ಬಂಧುಬಳಗ'ವೂ ಹೋಯಿತು,
ಅಷ್ಟೇನಿರಲಿಲ್ಲವಂತೆ.
ಉಳಿದದ್ದು:
ರೂವಾರಿ ಮೋನಪ್ಪಾಚಾರ್ ಭಾನುವಾರ ತೀರಿಕೊಂಡರು.

ಮ್ಯಾನೇಜರ್ ನಿಂಗರಾಜು ಕನ್ನಡಕ ಏರಿಸಿದ:
'ಯಾವುದರ ರೂವಾರಿ?'
'ಯಾವ್ದರದ್ದೂ ಅಲ್ಲ ಸಾರ್. ರೂವಾರಿ, ಅಷ್ಟೇಯ.'
'ಹಂಗೆ ಬರಲ್ಲಮ್ಮ, ಅದರ ಹಿಂದೆ ಏನಾದರೂ ಇರಬೇಕು.'
'ಹಿಂದೆ ಏನಿತ್ತು, ಕಲ್ಲು.'

ಪದದ ವಿಚಾರ ಬಂದರೆ ಎಲ್ಲರೂ ನನ್ನ ಕಡೆ ನೋಡುತ್ತಾರೆ,
ಸಂಬಳದ ವಿಚಾರಕ್ಕೆ ಯಾರೂ ನೋಡುವುದಿಲ್ಲ.
ಏನೇನು ಕೆತ್ತಿದ್ದರು, ಕೇಳಿದೆ.
ಒರಳು. ಗಡಿಕಲ್ಲು.
ಶಾಲೆ ಕಟ್ಟಡಗಳ ಉದ್ಘಾಟನೆ ಫಲಕ,
ಶಾಸಕರ ಹೆಸರು, ಉಪಾಧ್ಯಕ್ಷರ ಹೆಸರು, ಇಂಜಿನಿಯರ ಹೆಸರು,
ಎಲ್ಲರದೂ, ಒಂದು ಕೊಂಬು ತಪ್ಪದ ಹಾಗೆ.
ವಿಗ್ರಹ? ಮೂರೋ ನಾಲ್ಕೋ.
'ಒಂದಂತೂ ಸುಮಾರಾಗಿತ್ತು' ಅಂದಳು, ಸುಳ್ಳು ಬಾರದವಳು.
'ಆದ್ರೆ ಕಲ್ಲಿಗೆ ಕಿವಿಯಿಟ್ಟು ತಟ್ಟೋರು ಸಾರ್.
ಲಾರಿ ತುಂಬ ಇಳಿಸಿದ್ರೂ ಒಂದನ್ನ ಮುಟ್ಟಿ
ಇದರೊಳಗೆ ಕೆಮ್ಮಿದೆ, ವಾಪಸ್ ಕಳಿಸು, ಅನ್ನೋರು.
ಹಠಕ್ಕೆ ಇಟ್ಕೊಂಡವರದು
ಮೂರನೇ ಮಳೆಗಾಲಕ್ಕೆ ಸೀಳೋದು, ಅದೇ ಜಾಗದಲ್ಲಿ.'

ಆಕೆಯ ಊರ ಸೀಮೆಯಲ್ಲೇ ಹಿಂದೊಮ್ಮೆ
ದೇವರ ಪಾದದ ಕೆಳಗೆ, ಪೀಠದಂಚಿಗೆ,
ಹೀಗೇ ಬರೆದುಕೊಂಡರು: ರೂವಾರಿ, ಆಮೇಲೆ ಹೆಸರು.
ಷಷ್ಠಿ ವಿಭಕ್ತಿಯ ಊರುಗೋಲಿಲ್ಲದೆ
ಪದ ತನ್ನ ಕಾಲ ಮೇಲೆ ನಿಂತಿತ್ತು.
ಕೋಲು ಕೊಟ್ಟವರು ನಾವು,
ಹಗರಣದ, ಸಂಚಿನ, ಗೆಲುವಿನ,
ಕೊಟ್ಟು ಕೊಟ್ಟು ಕುಂಟುವುದನ್ನೂ ಕಲಿಸಿದೆವು.

ಹೊರಡುವಾಗ ಇನ್ನೊಂದು ಹೇಳಿದಳು:
ಬಳಪದ ಕಲ್ಲಿನ ಚೂರು ಆರಿಸಿಟ್ಟು
ಶಾಲೆ ಮಕ್ಕಳಿಗೆ ಹಂಚುತ್ತಿದ್ದರಂತೆ, ಪುಕ್ಕಟೆ.
ನನ್ನ ಮೊದಲ ರಕಾರ ಯಾರ ಚೂರಿನಲ್ಲಿ ತೀಡಿದ್ದೋ.

ಬುಧವಾರದ ಮೂರನೇ ಪುಟ ಮೇಜಿಗೆ ಬಂತು.
ಮೇಲೆ ಭಾವಚಿತ್ರ ಸಹಿತ ನಾಲ್ಕು ಕಾಲಂ:
ಮರಳು ದಂಧೆಯ ರೂವಾರಿ ಸೆರೆ.
ಕೆಳಗೆ, ಹೊಲಿಗೆ ಯಂತ್ರ ಮಾರಾಟಕ್ಕಿದೆ ಎಂಬುದರ ಪಕ್ಕ,
ಅಂಗುಲದಷ್ಟು ಮೋನಪ್ಪಾಚಾರ್.
ಮೇಲಿನದನ್ನು 'ಮುಖ್ಯ ಆರೋಪಿ' ಎಂದು ತಿದ್ದಿದೆ.
ಅಕ್ಷರ ಹೆಚ್ಚಾಗಿ ಸಾಲು ಒಡೆಯಿತು,
ಬೈಸಿಕೊಂಡೆ.

ಗುರುವಾರದಿಂದ ಮತ್ತೆ ಎಂದಿನಂತೆ.
ನಿನ್ನೆಯೂ ಒಬ್ಬ ರೂವಾರಿ ಸಿಕ್ಕಿಬಿದ್ದ,
ನಕಲಿ ಅಂಕಪಟ್ಟಿಯ ಕೇಸು.
ಹಾಗೇ ಬಿಟ್ಟೆ.
ಬಿಡುವ ಮುಂಚೆ ಪೆನ್ನಿನ ಹಿಂಬದಿಯಿಂದ
ಒಮ್ಮೆ ತಟ್ಟಿ, ಕಿವಿಗೊಟ್ಟೆ.