ಮೂರು ಕೋಲು, ಮತ್ತೆ ಇಷ್ಟು

ರಾಷ್ಟ್ರೀಯ ಕೂಟದ ಚರಿತ್ರೆ ಬರೆದುಕೊಡಿ ಅಂದರು, ಎರಡೇ ಪುಟ,
ಸ್ಮರಣ ಸಂಚಿಕೆಗೆ, ಸಹಕಾರಿ ಬ್ಯಾಂಕಿನ ಜಾಹೀರಾತಿನ ಎದುರಿಗೆ.
ರಿಟೈರಾದ ಡ್ರಿಲ್ ಮಾಸ್ತರನಿಗೆ ಬೇರೇನು ಕೆಲಸ.
ಟ್ರಂಕಿನ ಹಾಳೆಗಳನ್ನು ಜಗಲಿಯ ಮೇಲೆ ಹರವಿ
ಒಂದೊಂದಕ್ಕೂ ಒಂದೊಂದು ಕಲ್ಲು ಇಟ್ಟೆ.

ಮೊದಲು ಗಜಗಳಲ್ಲಿ ಓಡುತ್ತಿದ್ದರು.
ಮೀಟರು ಬಂದ ವರ್ಷ ಯಾರೂ ಬೇರೆಯಾಗಲಿಲ್ಲ,
ಮುಗಿಯುವ ಗೆರೆ ಕೊಂಚ ಜರುಗಿತು, ಅಷ್ಟೆ.
ಇದ್ದಿಲಬೂದಿಯ ಓಣಿ. ಬೆಳಗಾದರೆ ಹೊಸ ಸುಣ್ಣ.
ಏಣಿಯ ಮೆಟ್ಟಿಲ ಮೇಲೆ ಮೂವರು, ಮೂರು ಗಡಿಯಾರ;
ಮೂರೂ ಮೂರು ಹೇಳಿದರೆ
ನಡುವಿನದೇ ನಿಜವೆಂದು ನಿಯಮ.
ಒಮ್ಮೆ ನನ್ನದು ನಡುವಿನದಾಯಿತು.
ಆ ರಾತ್ರಿ ಗೋಪಿ ಸರ್ಕಲ್ಲಿನ ಹೋಟೆಲಿನಲ್ಲಿ
ಎರಡು ಮಸಾಲೆ ದೋಸೆ ತಿಂದೆ.

ಇದನ್ನೆಲ್ಲ ಬರೆಯಬಹುದು: ಹೆಸರು, ರಾಜ್ಯ, ರೈಲ್ವೆ, ಸೈನ್ಯ,
ಸೆಕೆಂಡಿನ ಹತ್ತನೇ ಒಂದು ಪಾಲು.
ಬರೆಯುತ್ತ ಬರೆಯುತ್ತ
ಕೂಟ ಶಿವಮೊಗ್ಗಕ್ಕೆ ಬಂದ ವರ್ಷ ಮುಟ್ಟಿದೆ.
ಪೆನ್ನು ನಿಂತಿತು.

ಆ ವರ್ಷ ಗುಂಡಿಗೆ ತುಂಗೆಯ ಮರಳು,
ಗಾಜನೂರಿನ ಕೆಳಗಿಂದ ನಾಲ್ಕು ಲಾರಿ.
ಗೌಸ್‌ಪೀರ್ ಎರಡೆರಡು ಸಲ ಜರಡಿ ಹಿಡಿದ.
ಕಪ್ಪೆಚಿಪ್ಪು ಸಿಕ್ಕರೆ ಅಂಗಿಯ ಜೇಬಿಗೆ, ಮಗಳಿಗೆ.
ಒಬ್ಬೊಬ್ಬರು ಹಾರಿದ ಮೇಲೂ ಹಲುಬೆ ಎಳೆದು
ಇಲ್ಲಿ ಯಾರೂ ಹಾರಿಯೇ ಇಲ್ಲ ಎಂಬಂತೆ ಮಾಡುವುದು
ಅವನ ಉದ್ಯೋಗ.

ಹೊಸನಗರದ ಕಡೆಯ ಚೌಡಮ್ಮ, ನಂಬರು ನಲವತ್ತೊಂದು,
ಬರಿಗಾಲು, ಕೊನೆಯ ಸರದಿ.
ಓಡಿದಳು, ಎದ್ದಳು, ಇಳಿದಳು.
ಹಲಗೆಯಾಚೆಯ ಜೇಡಿಯಲ್ಲಿ ಹೆಬ್ಬೆರಳಿನ ಗುರುತು,
ಅಕ್ಕಿಕಾಳಿನಷ್ಟು.
ಕೆಂಪು ಬಾವುಟ.
ಕೆಂಪು ಬಾವುಟದ ಹಾರಿಕೆಗೆ ಟೇಪು ಹಿಡಿಯುವುದಿಲ್ಲ.
ಮೊಣಕೈಯ ಮರಳು ಒರೆಸಿಕೊಂಡು ಹೊರಟಳು.

ಗೌಸ್‌ಪೀರ್ ಹಲುಬೆ ಎಳೆಯಲಿಲ್ಲ.
"ಏಯ್, ನಿದ್ದೆಯೇನೋ?" ಎಂದರು ರೆಫರಿ.
ಅವನು ಅಂಚಿನ ಹುಲ್ಲು ಸರಿಮಾಡುವವನ ಹಾಗೆ
ಹಲಗೆಯಿಂದ ಕೋಲು ಮಲಗಿಸಿ, ಸರಿಸಿ, ಮಲಗಿಸಿ,
ಅವಳ ಹಿಮ್ಮಡಿಯವರೆಗೂ ನಡೆದು
ಆಮೇಲೆ ಎಳೆದ.
ಮರಳು ಸಪಾಟಾಯಿತು.

ಸಂಜೆ ಸಾಮಾನಿನ ಕೋಣೆಯಲ್ಲಿ
ಕುಡುಗೋಲಿನಿಂದ ಕೋಲಿಗೊಂದು ಕಚ್ಚು ಹಾಕಿದ.
"ಮೂರು ಕೋಲು ಸಾರ್, ಮತ್ತೆ ಇಷ್ಟು."
ಯಾಕಪ್ಪಾ ಎಂದೆ.
"ಹುಡುಗಿ ಹಾರಿದ್ದು ಸುಳ್ಳಾ ಸಾರ್?"
ಬೀಗ ಹಾಕು, ಹೊತ್ತಾಯಿತು, ಎಂದೆ.

ನಿನ್ನೆ ಹೋಗಿದ್ದೆ. ಓಣಿಗೆ ಈಗ ಇಟ್ಟಿಗೆಬಣ್ಣದ ರಬ್ಬರು.
ಹೊಳೆಯ ಮರಳು ಎತ್ತುವಂತಿಲ್ಲ, ಗುಂಡಿಯಲ್ಲಿ ಎಂ ಸ್ಯಾಂಡು;
ಮುಷ್ಟಿಯಲ್ಲಿ ಹಿಡಿದರೆ ಚುಚ್ಚುತ್ತದೆ.
ಗೌಸ್‌ಪೀರ್ ಹೋಗಿ ಎಂಟು ವರ್ಷ.
ಚೌಡಮ್ಮ ಆಮೇಲೆ ಏನಾದಳೆಂದು
ನನ್ನ ಯಾವ ಹಾಳೆಯೂ ಹೇಳುವುದಿಲ್ಲ.
ಮುರಿದ ಹರ್ಡಲ್ಲುಗಳ ಹಿಂದೆ ಹಲುಬೆ ಇತ್ತು,
ಎರಡು ಹಲ್ಲು ಉದುರಿಸಿಕೊಂಡು.
ಕಚ್ಚಿಗೆ ಗೆದ್ದಲು ಮುಟ್ಟಿರಲಿಲ್ಲ.

ಅಳೆದೆ.
ಹಲ್ಲಿನ ತುದಿಯಿಂದ ಎಣಿಸಿದರೆ ಐದು ಮೀಟರು ಹದಿನೆಂಟು.
ಹಿಡಿಯ ತುದಿಯಿಂದ ಎಣಿಸಿದರೆ ಐದು ನಲವತ್ತಾರು.
ಆ ವರ್ಷದ ಚಿನ್ನ, ಐದು ಮೂವತ್ತೊಂದು.
ಯಾವ ತುದಿಯೋ ಎಂದು ಅವತ್ತೇ ಕೇಳಬಹುದಿತ್ತು.
ಮೂರನೆಯ ಗಡಿಯಾರವಿಲ್ಲ ಇದಕ್ಕೆ,
ನಡುವಿನದೆಂಬುದಿಲ್ಲ.

ಎರಡು ಪುಟ ಮುಗಿಸಿಕೊಟ್ಟೆ. ಗೆದ್ದವರು, ಅಳತೆ, ಎಲ್ಲ ಸರಿಯಿದೆ.
ಅಡಿಯಲ್ಲಿ ಒಂದು ಸಾಲು:
ಮರಳು ಹರಡಿದ್ದು ಗೌಸ್‌ಪೀರ್.
ಕಾರ್ಯದರ್ಶಿ ಫೋನು ಮಾಡಿದರು,
ಆ ಸಾಲು ತೆಗೆದರೆ ಪುಟ ಹಿಡಿಸುತ್ತದೆಯಂತೆ.
ತೆಗೀರಿ ಎಂದೆ.

ಕೋಲು ಮನೆಗೆ ತಂದಿದ್ದೇನೆ.
ಗೇಟಿನ ಹುಡುಗ ತಡೆದು ಕೇಳಿದ್ದ,
ಈ ಹಳೇದು ಯಾಕೆ ಸಾರ್ ನಿಮಗೆ?
ಎಲೆ ಬಾಚಲಿಕ್ಕೆ ಅಂದೆ.