ನಿಧಾನದ ಸುತ್ತು

ಶುಕ್ರವಾರ ಸಂಜೆಯೇ ಬಂದರು, ಒಬ್ಬೊಬ್ಬರಾಗಿ.
ಜೂನ್ ತಿಂಗಳು; ತಾಲಿನ್ನಿನಲ್ಲಿ ಹತ್ತು ಗಂಟೆಗೂ ಕತ್ತಲಿಲ್ಲ.
ಹೆಲ್ದುರ್ ಊರುಗೋಲಿನ ಮೇಲೆ, ಯೂರಿಸ್ ರೀಗಾದ ಬಸ್ಸಿನಲ್ಲಿ,
ಕಾಲ್ಯು ಮಗಳ ಕಾರಿನ ಹಿಂದಿನ ಸೀಟಿನಲ್ಲಿ.
ಕಣ್ಣು ಮಂಜು, ಲೈಸೆನ್ಸು ಕಿತ್ತುಕೊಂಡಿದ್ದಾರೆ,
ಯಾರಿಗೂ ಹೇಳಬೇಡ ಅಂದ,
ಎಲ್ಲರಿಗೂ ಕೇಳುವ ಹಾಗೆ.

ಷೆಡ್ಡಿನ ಬಾಗಿಲು ತೆರೆದಾಗ ಮಾತು ನಿಂತಿತು.
ಹದಿನೇಳನೇ ನಂಬರು. ರೈಮ್.
ರೈಮ್ ಅಂದರೆ ನಮ್ಮ ಕಡಲಿನ ಗೇಣುದ್ದದ ಬೆಳ್ಳಿ ಮೀನು,
ಆಲೂಗಡ್ಡೆಗೆ ನಂಚಿಕೊಳ್ಳಲು ಬಡವರಿಗೆ ಸಿಗುವಂಥದ್ದು.
ವೋಲ್ದೆಮಾರ್ ಇಟ್ಟ ಹೆಸರು.
ಕಾರ್ಖಾನೆಯಿಂದ ಊಟದ ಡಬ್ಬಿಯಲ್ಲಿ
ಚೂರುಚೂರಾಗಿ ಕದ್ದು ತಂದ ಅಲ್ಯುಮಿನಿಯಂ,
ಯಾರದೋ ಮೋಟಾರು ಸೈಕಲ್ಲಿನ ಎಂಜಿನ್ನು,
ಹೆಂಡತಿಯ ಬೈಗುಳ; ಮೂರೂ ಸೇರಿ
ಎಂಟು ಚಳಿಗಾಲದಲ್ಲಿ ಒಂದು ಕಾರು.

ನಾನು ಲೇಯ್ದ. ಸ್ಟಾಪ್‌ವಾಚಿನವಳು.
ಇಪ್ಪತ್ತೆರಡು ವರ್ಷ ಹಲಗೆಯ ಗೂಡಿನಲ್ಲಿ ಕೂತು
ಈ ಗಂಡಸರ ಯೌವನವನ್ನು
ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಸೀಳಿ ಬರೆದಿಟ್ಟವಳು.
ಕೂದಲೆಳೆಯ ಅಂತರ ಅಂದರೆ ಎಷ್ಟೆಂದು
ನನ್ನನ್ನು ಕೇಳಿ, ಹೇಳುತ್ತೇನೆ.

ಶನಿವಾರವಿಡೀ ಎಂಜಿನ್ನಿಗೆ ಉಪಚಾರ.
ಪ್ಲಗ್ಗು ಬಿಚ್ಚಿದರು, ಊದಿದರು, ಒರೆಸಿದರು,
ಐವತ್ತು ವರ್ಷ ಹಳೆಯ ಜಗಳವನ್ನೂ ಬಿಚ್ಚಿ ಒರೆಸಿದರು:
ಮಠದ ಪಾಳುಗೋಡೆಯ ತಿರುವಿನಲ್ಲಿ
ಯಾರು ಯಾರಿಗೆ ದಾರಿ ಬಿಡಲಿಲ್ಲ ಎಂಬುದು.
ಅದಕ್ಕೆ ಸಾಕ್ಷಿ ಹೇಳಬೇಕಾದವನು ಉನೊ.
ಉನೊ ಇಲ್ಲ.
ಅಷ್ಟು ತಿರುವುಗಳಲ್ಲಿ ಬದುಕಿ ಬಂದವನು
ಹೋದ ನವೆಂಬರಿನಲ್ಲಿ ಸ್ನಾನದ ಮನೆಯಲ್ಲಿ ಜಾರಿದ.

ಸೀಟು ಎತ್ತಿದರೆ ಕೆಳಗೆ ಅವನ ಕಂಬಳಿ,
ನಾಲ್ಕು ಮಡಿಕೆ. ಕುಳ್ಳ ಅವನು, ರಸ್ತೆ ಕಾಣುತ್ತಿರಲಿಲ್ಲ.
ಅಂಚಿನಲ್ಲಿ ಕೆಂಪು ನೂಲಿನ ಹೊಲಿಗೆ.
ಯಾರ ಕೈ ಎಂದು ಯಾರೂ ಕೇಳಲಿಲ್ಲ.
ನಾನು ಚಹಾ ತರಲು ಹೋದೆ.

ಭಾನುವಾರ ಒಂದೇ ಒಂದು ಗಂಟೆ ರಸ್ತೆ ನಮ್ಮದು.
ಬಸ್ಸನ್ನು ಬೇರೆ ದಾರಿಗೆ ತಿರುಗಿಸಿದ್ದರು, ಪೈನ್ ಮರಗಳ ಕೆಳಗೆ
ಜನ ಮಡಿಚುವ ಕುರ್ಚಿ ತಂದು ಕೂತಿದ್ದರು.
ಎಂಜಿನ್ನು ಒಮ್ಮೆ ಕೆಮ್ಮಿತು. ಆಮೇಲೆ ಅದೂ ಇಲ್ಲ.
'ತಳ್ಳೋಣ' ಅಂದ ಹೆಲ್ದುರ್.
ಇವರು ಜನ್ಮದಲ್ಲಿ ತಳ್ಳಿದವರಲ್ಲ, ತಳ್ಳಿಸಿಕೊಂಡವರು!
ಒಳಗೆ ಯಾರು? ಹೆಲ್ದುರನ ಮಂಡಿ ಮಡಿಸದು,
ಕಾಲ್ಯುವಿನ ಹೊಟ್ಟೆ ಒಪ್ಪದು, ಯೂರಿಸನಿಗೆ ಲೋಹದ ಸೊಂಟ.
ಮೂವರೂ ತಿರುಗಿ ನನ್ನನ್ನು ನೋಡಿದರು.

ಹಿಟ್ಟಿನ ಮೂಟೆಯ ಹಾಗೆ ಎತ್ತಿ ಇಳಿಸಿದರು.
ಕಂಬಳಿ ಅಲ್ಲೇ ಇತ್ತು.
ಹಿಂದಿನಿಂದ ಮೂರು ಮುದಿಬಾಯಿ
'ಡುರ್ರ್ರ್' ಎಂದು ಎಂಜಿನ್ನಾದವು.
ಯೂರಿಸ್ ಗೇರು ಬದಲಿಸುವಾಗ
ಹಲ್ಲಿನ ಸೆಟ್ಟು ಅಂಗೈಗೆ ಬಂತಂತೆ; ಜನ ಬಿದ್ದು ಬಿದ್ದು ನಕ್ಕರು.
ಇಳಿಜಾರು ಸಿಕ್ಕಿತು. ಕೈಗಳು ಬಿಟ್ಟವು.

ಸದ್ದಿಲ್ಲ. ಚಕ್ರದಡಿಯ ಪೈನ್ ಸೂಜಿಗಳ ಸದ್ದು ಮಾತ್ರ,
ಎಡಕ್ಕೆ ಮರಗಳ ನಡುವೆ ಕಡಲಿನ ಒಂದೊಂದು ತುಂಡು.
ನನ್ನ ಹಳೆಯ ಗೂಡು ಇದ್ದ ದಿಬ್ಬ ಹತ್ತಿರವಾಯಿತು,
ಕತ್ತು ಎತ್ತಿ ಹುಡುಕಿದೆ.

ಕಾಣಲಿಲ್ಲ.
ಆ ಸೀಟಿನಿಂದ ಆ ಜಾಗ ಕಾಣುವುದೇ ಇಲ್ಲ.
ಗಾಜಿನ ಅಂಚು, ಬಾನೆಟ್ಟು, ಟಾರು, ಅಷ್ಟೇ.
ಇಪ್ಪತ್ತೆರಡು ವರ್ಷ, ಪ್ರತಿ ಸುತ್ತಿನಲ್ಲೂ,
ಒಬ್ಬನಾದರೂ ಒಂದು ಕ್ಷಣ
ಇತ್ತ ನೋಡಿ ಹೋಗುತ್ತಾನೆಂದು
ನಾನು ತಲೆ ಬಾಚಿಕೊಂಡು ಕೂರುತ್ತಿದ್ದೆ.

ಸಿಟ್ಟು ಬರಬೇಕಿತ್ತು. ನಗು ಬಂತು,
ಕಣ್ಣಲ್ಲಿ ನೀರು ಬರುವಷ್ಟು. ಬ್ರೇಕು ಎಲ್ಲಿದೆ ಎಂದು
ಯಾರೂ ಹೇಳಿಕೊಟ್ಟಿರಲಿಲ್ಲ;
ಬಸ್ ನಿಲ್ದಾಣದ ಬಳಿ ಏರು ಬಂದು
ಕಾರು ತಾನೇ ನಿಂತಿತು.

ಏದುಸಿರು ಬಿಡುತ್ತ ಬಂದರು.
'ಎಷ್ಟಾಯಿತು?' ಅಂದೆ.
ವಾಚು ಕಾಲ್ಯುವಿನ ಕೈಯಲ್ಲಿತ್ತು.
ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು,
ಕಾಣದ ಕಣ್ಣು ಕಿರಿದು ಮಾಡಿ,
ಒಂದು ಸಂಖ್ಯೆ ಹೇಳಿದ.
ಒತ್ತುವುದನ್ನೇ ಮರೆತಿದ್ದನೆಂದು ನನಗೆ ಗೊತ್ತು.

ಚೀಲದಿಂದ ಪುಸ್ತಕ ತೆಗೆದು ಬರೆದುಕೊಂಡೆ,
ಅದರಲ್ಲಿರುವ ಒಂದೇ ಒಂದು ಸುಳ್ಳು,
ಮುಂದೆ ನನ್ನ ಹೆಸರು.

ಹಿಂದೆ ಬಸ್ಸು ಹಾರ್ನು ಹೊಡೆಯತೊಡಗಿತ್ತು.