ತೇವಾಂಶ

ಅವನ ಹೆಸರು ಬೇ. ಅವರ ಭಾಷೆಯಲ್ಲಿ
ದೋಣಿಗೂ ಅದೇ ಸದ್ದಂತೆ.
ಮಂಡಿ ಮೊಹಲ್ಲಾದ ಹುಡುಗರು ಮಾತ್ರ
‘ಏನ್ ಬೇ’ ಎಂದು ಕೂಗಿ ಸಂದಿಗೆ ಓಡುತ್ತಿದ್ದರು.
ಅವನು ಪ್ರತಿ ಸಲವೂ ತಿರುಗಿ, ಬಗ್ಗಿ ನಮಸ್ಕರಿಸುತ್ತಿದ್ದ.

ಕೊರಿಯಾದ ಯುದ್ಧ ಮುಗಿದು ಐದಾರು ವರ್ಷ.
ಹತ್ತು ದೇಶ ಸೇರಿ ಮುದ್ರೆ ಒತ್ತಿದ ಕಾಗದ ಹಿಡಿದು
ಮೀನು ಒಣಗಿಸುವುದನ್ನು ಕಲಿಯಲು ಬಂದಿದ್ದ
ಕಡಲೇ ಇಲ್ಲದ ಮೈಸೂರಿಗೆ.
ನಾನು ಪ್ರಯೋಗಾಲಯದ ಅಟೆಂಡರು, ಮಾಯಿಗಯ್ಯ,
ಗಂಜಾಂ ಕಡೆಯ ಬೆಸ್ತರವನು.

ಮಂಗಳೂರಿನ ಲಾರಿ ಘಾಟಿ ಹತ್ತಿ ಬರುವಷ್ಟರಲ್ಲಿ
ಐಸು ಅರ್ಧ ನೀರು, ಮರದ ಹೊಟ್ಟು ಪೂರಾ ಕೆಸರು.
ಬಂಗಡೆಯ ಕಿವಿರು ಎತ್ತಿ ಮೂಸಿ
ಇಬ್ಬರೂ ಒಟ್ಟಿಗೆ ತಲೆಯಾಡಿಸುತ್ತಿದ್ದೆವು.
ಅಷ್ಟಕ್ಕೆ ಇಂಗ್ಲಿಷು ಬೇಕಿರಲಿಲ್ಲ.

ಕಬ್ಬಿಣದ ಪೆಟ್ಟಿಗೆ, ಬಿಸಿಗಾಳಿ, ಎಂಟು ತಟ್ಟೆ.
ಗಂಟೆಗೊಮ್ಮೆ ತೂಕ. ತೇವಾಂಶ ನಲವತ್ತು,
ಮೂವತ್ತೆರಡು, ಇಪ್ಪತ್ತಾರು
ಒಂದು ಬೆಳಿಗ್ಗೆ ಕರೆಂಟು ಹೋಯಿತು.
ತಾರಸಿಯ ಮೇಲೆ ಹಗ್ಗ ಕಟ್ಟಿ
ನಮ್ಮವ್ವ ಗೆಂಡೆ ಮೀನಿಗೆ ಮಾಡುವ ಹಾಗೆ
ಬೆನ್ನು ಸೀಳಿ, ಉಪ್ಪು ತಿಕ್ಕಿ, ಬಾಲ ಮೇಲಾಗಿ ತೂಗುಹಾಕಿದೆ.
ಬಿಟ್ಟ ಕಣ್ಣು ಬಿಟ್ಟಂತೆ ನಿಂತ.
ಆಮೇಲೆ ಸೀಮೆಸುಣ್ಣ ತಂದು ನೆಲಕ್ಕೆ ಬರೆದ:
ಬೆಟ್ಟ, ಬೆಟ್ಟದ ಮೈಗೆ ಸಾಲು ಗಳ, ಗಳದ ತುಂಬ ಮೀನು,
ಮೇಲಿಂದ ಚುಕ್ಕೆ ಚುಕ್ಕೆ ಚುಕ್ಕೆ.
ಮಳೆಯಾ? ಅಲ್ಲ.
ಲಾರಿಯ ಐಸಿನ ಕಡೆ ಕೈಮಾಡಿ ಉಫ್ ಎಂದು ಊದಿದ.
ಅವರಲ್ಲಿ ಚಳಿಯೇ ಮೀನು ಒಣಗಿಸುತ್ತದಂತೆ.
ಬುರುಡೆ ಬಿಡ್ತಾನೆ ಅಂದುಕೊಂಡೆ.

ಅವನ ಅಣ್ಣ ಕಲ್ಲಿದ್ದಲ ಗಣಿಯಲ್ಲಿ.
ತುಂಬಿದ ನೀರೆತ್ತಲು ಯಾವುದೋ ದೇಶ ಪಂಪು ಕೊಟ್ಟಿತ್ತು,
ವಾಷರು ಕೊಟ್ಟಿರಲಿಲ್ಲ.
ಕಾಗದದ ಮೇಲೆ ಸುತ್ತು ಎಳೆದು ಅಳತೆ ಕಳಿಸಿದ್ದ ಅಣ್ಣ.
ಅಶೋಕ ರಸ್ತೆಯ ಮೂಲೆಯಲ್ಲಿ ಜೋಡು ಹೊಲಿಯುವ ಚೆನ್ನಿಗರಾಮ
ಎಮ್ಮೆ ತೊಗಲಲ್ಲಿ ಹನ್ನೆರಡು ಕೊಯ್ದ.
ದುಡ್ಡು ಎಂದರೆ, ‘ಗಣಿಗೆ ತಾನೆ’ ಎಂದ.
ಅವನ ಭಾವ ಕೋಲಾರದಲ್ಲಿ ಇಳಿದವನು
ಮೇಲೆ ಬಂದಿರಲಿಲ್ಲ.
ಆ ಹನ್ನೆರಡು ಯಾವ ದೇಶದ ಲೆಕ್ಕಕ್ಕೂ ಬರಲಿಲ್ಲ.

ಹೊರಡುವ ಹಿಂದಿನ ದಿನ ರಿಜಿಸ್ಟರು ತುಂಬಿದ.
ಬಂದ ಮೀನು. ಒಣಗಿದ ಮೀನು. ನಷ್ಟ.
ಮೂರನೆಯ ಮನೆಯಲ್ಲಿ ಅಂಕಿ ಇರಲಿಲ್ಲ,
ತನ್ನ ಲಿಪಿಯಲ್ಲಿ ಏನೋ ಸಣ್ಣಕ್ಷರ, ಹಾಳೆಯ ಅಂಚಿನವರೆಗೆ.
‘ಏನಯ್ಯ ಇದು?’ ಎಂದರು ಆಫೀಸರು.
‘ಹೆಸರುಗಳಿರಬೇಕು ಸಾರ್.’
ಅವರು ಕನ್ನಡಕ ತೆಗೆದು ಒರೆಸಿದರು.
ಪಕ್ಕದಲ್ಲಿ ‘ಎರಡು ಪೌಂಡು’ ಎಂದು ಬರೆದು
ರುಜು ಹಾಕಿದರು.